ಯಕೃತ್ತಿನ ಕಾವಲು

ನಮ್ಮ ತಾಳಿಕೋಟೆಯ ಕಡೆಯಲ್ಲಿ ಕಾಮಾಲೆಗೆ ನೆಲನೆಲ್ಲಿಯ ರಸವನ್ನು ಕೊಡುವ ರೂಢಿಯು ಹಳೆಯದು. ಅದರೊಡನೆ ಪಥ್ಯವೂ ಉಂಟು. ಪಥ್ಯದಲ್ಲಿ ಮೊದಲನೆಯದು ಸೆರೆಯನ್ನು ಬಿಡುವದು. ಈಗ ಮೂಲಿಕೆಗಳು ಗುಳಿಗೆಗಳಾಗಿವೆ. ಪಥ್ಯವು ಮಾತ್ರ ಮಾಯವಾಗಿದೆ.

ನನ್ನ ಸೋದರಳಿಯನೊಬ್ಬನು ಓದಿದವನು, ಸಂಬಳ ತರುವವನು. ಶನಿವಾರದ ಪಾನಗೋಷ್ಠಿಗೆ ಮೊದಲು ಯಕೃತ್ತಿನ ಗುಳಿಗೆ, ಅರಿಷಿಣ-ಮೆಣಸಿನದೊಂದು, ಅಮೃತಬಳ್ಳಿಯದೊಂದು. ಮರುದಿನ ತಲೆಶೂಲೆಗೆ ಪ್ಯಾರಾಸಿಟಮಾಲ್. "ಮಾಮಾ, ಇವೆಲ್ಲಾ ಕೂಡಿ ಲಿವರಿಗೆ ಕೋಟೆ ಕಟ್ಟತಾವು" ಎಂದು ಅವನ ಸಮಾಧಾನ. ೧೫೬೫ರ ಕಾಳಗಕ್ಕೆ ತನ್ನ ಹೆಸರನ್ನಿತ್ತ ಊರಿನವನು, ದಂಡಿನ ಎಣಿಕೆಯೊಂದರಿಂದಲೇ ರಕ್ಷಣೆ ದೊರೆಯದೆಂಬುದನ್ನು ಅರಿತಿರಬೇಕಾಗಿತ್ತು.

ಮದ್ಯವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ತರುವಾಯ ಅಸಿಟೇಟ್ ಆಗಿ ಮಾರ್ಪಡುವದು. ತಲೆಶೂಲೆಯು ಅಡಗಿದರೂ ಯಕೃತ್ತಿನ ಈ ದುಡಿತವು ತಪ್ಪದು. ಮರುದಿನದ ಜಾಡ್ಯಕ್ಕೆಂದು ಮಾರುವ ಔಷಧಗಳ ೨೧ ಪರೀಕ್ಷೆಗಳನ್ನು ೨೦೨೨ರಲ್ಲಿ ಪಂಡಿತರು ಒಟ್ಟಾಗಿ ತೂಗಿ, ನಂಬತಕ್ಕ ಪ್ರಮಾಣವು ಯಾವುದಕ್ಕೂ ಇಲ್ಲವೆಂದರು. ೧೯೫೫ರಿಂದ ಮನೆಮಾತಾಗಿರುವ ಲಿವ್ ೫೨ನ್ನು ಶ್ರೀಲಂಕೆಯ ವೈದ್ಯರು ಮದ್ಯದಿಂದ ಯಕೃತ್ತು ಕೆಟ್ಟವರಲ್ಲಿ ಆರು ತಿಂಗಳು ಪರೀಕ್ಷಿಸಿ, ವಿಶೇಷ ಗುಣವೇನೂ ಕಾಣಲಿಲ್ಲವೆಂದು ೨೦೦೩ರಲ್ಲಿ ಪ್ರಕಟಿಸಿದರು.

ಗುಣವಿಲ್ಲದಿದ್ದರೆ ಹಾನಿಯಾದರೂ ಇಲ್ಲವಷ್ಟೆ ಎಂದು ಕೆಲವರು ಕೇಳಬಹುದು. ಕೂಡಿಸುವಿಕೆಯಲ್ಲಿಯೇ ತೊಡಕಿರುವದು. ಮೆಣಸಿನ ಸತ್ತ್ವವು ಅರಿಷಿಣದ ಸತ್ತ್ವವನ್ನು ಇಪ್ಪತ್ತು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರಿಸುವದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ೧೯೯೮ರಲ್ಲಿ ತೋರಿಸಿದರು. ಸಾರಿನೊಳಗಿನ ಚಿಟಿಕೆಯ ಮಾತು ಬೇರೆ. ಸತ್ತ್ವವನ್ನು ಬಟ್ಟಿಯಿಳಿಸಿದಂತೆ ಕೂಡಿಸಿಟ್ಟ ಗುಳಿಗೆಯ ಮಾತು ಬೇರೆ. ಅಂಥ ಗುಳಿಗೆಗಳಿಂದ ಯಕೃತ್ತು ಬಾತವರ ವೃತ್ತಾಂತಗಳು ಅಮೇರಿಕೆಯಲ್ಲಿ ದಾಖಲಾಗಿವೆ. ೨೦೨೦ರ ಕೊನೆಯ ನಾಲ್ಕು ತಿಂಗಳಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಬಾಧೆಯನ್ನು ಕಂಡರು; ಆಯುಷ್ ಮಂತ್ರಾಲಯವು ಆ ನಿಷ್ಕರ್ಷೆಯನ್ನು ಒಪ್ಪಲಿಲ್ಲ. ಪ್ಯಾರಾಸಿಟಮಾಲ್ ಅಂತೂ ನಿತ್ಯ ಕುಡಿಯುವವನಲ್ಲಿ ಮಿತಿಮೀರಿದರೆ ಬಹು ಅಪಾಯಕರ. ಅದರ ವಿಷವನ್ನು ಮುರಿಯುವ ಗ್ಲುಟಾಥಯೋನ್ ಎಂಬ ದ್ರವ್ಯವು ಅವನಲ್ಲಿ ಮೊದಲೇ ಕುಗ್ಗಿರುವದು.

ಆದರೆ ನನ್ನ ಚಿಂತೆಯು ಗುಳಿಗೆಗಿಂತಲೂ ಅದು ಕೊಡುವ ಧೈರ್ಯದ್ದು. ಕಾವಲಿದೆಯೆಂಬ ನಂಬಿಕೆಯು ಹುಟ್ಟಿದಂದಿನಿಂದ ಅಳಿಯನ ಶನಿವಾರವು ಬುಧವಾರಕ್ಕೂ ಹಬ್ಬಿದೆ. ಗುಳಿಗೆಗಳ ಲೆಕ್ಕವನ್ನು ಅವನು ಬಲ್ಲನು. ಬಟ್ಟಲುಗಳ ಲೆಕ್ಕವನ್ನು ನನ್ನ ತಂಗಿಯು ಬಾಗಿಲಲ್ಲಿ ಕುಳಿತು ಇಡುತ್ತಿರುವಳು.

ಮನೆಯಲ್ಲಿ ಇಂಥವರಿದ್ದರೆ, ವಾಚಕರೇ, ಆ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಕುಡಿಯುವ ಪ್ರಮಾಣವನ್ನು ಮುಚ್ಚದೆ ಹೇಳಿಸಿರಿ. ಕಣ್ಣು ಹಳದಿಯಾಗುವವರೆಗೆ ಕಾಯಬೇಡಿರಿ.