ಪೇಟೆಯ ಚೌಕಿ ಮನೆ

ಅಲ್ ವಕ್ರಾದ ಸೂಕ್‌ಗೆ ಹೋದಾಗಲೆಲ್ಲ ಛಾವಣಿಯ ಮರದ ಗಳಗಳನ್ನು ನೋಡುತ್ತ ನಿಲ್ಲುತ್ತೇನೆ. ಹಿಂದೆ ಗಲ್ಫಿನ ಮನೆಗಳಿಗೆ ಇಂಥ ಕಾಂಡ್ಲಾ ಗಳಗಳು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿದ್ದವು. ಈ ಸೂಕನ್ನು ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ್ದಾರೆ.

ಆಗ ಉಡುಪಿ ಪೇಟೆಯ ನಮ್ಮ ಚೌಕಿ ಮನೆ ನೆನಪಾಗುತ್ತದೆ. ಹಲಸಿನ ಕಂಬ, ಮರದ ಮುಚ್ಚಿಗೆ, ನಡುವೆ ಮಳೆ ಸುರಿಯುವ ಅಂಗಳ. 1998ರಲ್ಲಿ ಪಾಲಾಯಿತು. ಸಹಿ ಹಾಕಲು ನನಗೆ ಎರಡು ದಿನದ ರಜೆ ಸಾಕಾಯಿತು. ಕಂಬಗಳು ಲಾರಿ ಏರಿದವು. ಅಮ್ಮ ಮಾತಾಡದೆ ಹೊಸ್ತಿಲಿಗೆ ಕೊನೆಯ ಬಾರಿ ಅರಿಶಿನ ಕುಂಕುಮ ಹಚ್ಚಿದರು.

ಪಕ್ಕದ ಮಣಿಪಾಲದಲ್ಲೇ ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಇಂಥ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸುತ್ತಿದ್ದರು. ಅವರು 2017ರಲ್ಲಿ ತೀರಿಕೊಂಡರು. ಹಸ್ತಶಿಲ್ಪದ ಮನೆಗಳು ನಿಂತಿವೆ. ಅವರಿಗೊಂದು ಫೋನ್ ಮಾಡಬೇಕೆಂದು ನನಗೆ ತೋಚಲೇ ಇಲ್ಲ.

ಊರಿನಲ್ಲಿ ನಿಮ್ಮ ಮನೆ ಇನ್ನೂ ಇದೆಯೇ? ಸಹಿ ಹಾಕುವ ಮುನ್ನ ಒಮ್ಮೆ ಅಂಗಳದಲ್ಲಿ ಕುಳಿತು ಬನ್ನಿ.