ಎಡವೋ ಬಲವೋ

ಎಡಗೈಯನ್ನು ಹೇಗೆ ತಿರುಗಿಸಿದರೂ ಅದು ಬಲಗೈ ಆಗುವುದಿಲ್ಲ. ಕೆಲವು ಅಣುಗಳೂ ಹಾಗೆಯೇ. ಎರಡರಲ್ಲೂ ಅವೇ ಪರಮಾಣುಗಳು, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಮೂಗು ಈ ವ್ಯತ್ಯಾಸ ಬಲ್ಲದು: ಕಾರ್ವೋನ್ ಎಂಬ ಅಣುವಿನ ಒಂದು ರೂಪ ಪುದೀನದಂತೆ ಘಮಘಮಿಸಿದರೆ ಇನ್ನೊಂದು ಸಬ್ಬಸಿಗೆ ಬೀಜದಂತೆ.

ಆದರೆ ಒಂದೇ ಒಂದು ಅಣುವನ್ನು ‘ನೀನು ಎಡವೋ ಬಲವೋ’ ಎಂದು ಕೇಳುವುದು ಹೇಗೆ? ಧ್ರುವೀಕೃತ ಬೆಳಕು ಹಾಯಿಸಿ, ಅದು ಎತ್ತ ತಿರುಗಿತೆಂದು ನೋಡುವ ಹಳೆಯ ಪರೀಕ್ಷೆ ಗುಂಪಿನ ಮಾತನ್ನಷ್ಟೇ ಹೇಳುತ್ತದೆ. ಎರಡೂ ಸಮಸಮ ಬೆರೆತಿದ್ದರೆ ಅದಕ್ಕೆ ಏನೂ ಕಾಣದು.

2013ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವಿಜ್ಞಾನಿಗಳು ಉತ್ತರ ಪಡೆದದ್ದು ಅಣುವನ್ನು ಸಿಡಿಸಿ. ಇಂಗಾಲದ ಸುತ್ತ ಜಲಜನಕ, ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಇರುವ ಅಣುವಿಗೆ, ಸೆಕೆಂಡಿನ ಕೋಟಿ ಕೋಟಿ ಪಾಲುಗಳಲ್ಲಿ ಕೆಲವೇ ಪಾಲು ಹೊತ್ತು ಇರುವ ತೀವ್ರ ಲೇಸರ್ ಮಿಡಿತ ತಾಗಿಸಿದರು. ಎಲೆಕ್ಟ್ರಾನುಗಳು ಕಿತ್ತುಹೋದವು. ಉಳಿದ ಐದು ತುಣುಕುಗಳಲ್ಲೂ ಧನ ವಿದ್ಯುದಂಶ. ಒಂದನ್ನೊಂದು ತಳ್ಳಿಕೊಂಡು ಚೆಲ್ಲಾಪಿಲ್ಲಿಯಾದವು. ಯಾವುದು ಎತ್ತ ಹಾರಿತೆಂದು ಲೆಕ್ಕ ಹಾಕಿದರೆ ಅಣು ಎಡದ್ದೋ ಬಲದ್ದೋ ಗೊತ್ತಾಗುತ್ತದೆ.

ಗೊತ್ತಾಗುವ ಹೊತ್ತಿಗೆ ಆ ಅಣು ಇರುವುದಿಲ್ಲ. ಎಡದ್ದನ್ನು ಬೇರೆ, ಬಲದ್ದನ್ನು ಬೇರೆ ಸೀಸೆಗೆ ತುಂಬಿಕೊಡಲು ಈ ದಾರಿ ಬಾರದು. ಅದು ಇತ್ತು, ಹೀಗಿತ್ತು ಎಂದು ಮಾತ್ರ ಹೇಳುತ್ತದೆ.