ಐದು ತೂತಿನ ಕ್ಯಾಲೆಂಡರ್ ಹಾಳೆ

ಜೀಪು ನಿಂತಿತು ಅಂದರೆ ಜನ ಮೊದಲು ಬಾನೆಟ್ ಎತ್ತುತ್ತಾರೆ. ನಮ್ಮ ದೊಡ್ಡಪ್ಪನ ಜೀಪಿನಲ್ಲಿ ಎಂಜಿನ್ ಕಲ್ಲುಗುಂಡಿನ ಹಾಗಿತ್ತು. ಕೈಕೊಟ್ಟದ್ದು ಚಕ್ರ. ಟೈರಲ್ಲ, ಟೈರನ್ನು ಹೊತ್ತ ಕಬ್ಬಿಣದ ಡಿಸ್ಕು. ಒಲೆಗೆ ಇನ್ನೊಂದು ಕೊರಡು ತಳ್ಳಿ ಕೂತುಕೊಳ್ಳಿ, ಹೇಳುತ್ತೇನೆ.

2001ರ ಮಳೆಗಾಲ ಮುಗಿಯುತ್ತಾ ಬಂದಿತ್ತು. ಕಾಫಿಗೆ ರೇಟೇ ಇಲ್ಲ. ಅದಕ್ಕೂ ಮುಂಚೆ, 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಕರಟಿಹೋದಾಗ, ಮೂಡಿಗೆರೆ ಕಡೆಗೆ ದುಡ್ಡು ಹೊಳೆಯಾಗಿ ಹರಿದಿತ್ತು. ಆಗ ಹಳೇ ಜೀಪಿಗೆ ಅಗಲದ ಟೈರು, ಹೊಳೆಯುವ ಅಲಾಯ್ ಹಾಕಿಸಿಕೊಂಡು ಮೆರೆದವರು ಬೇಕಾದಷ್ಟು ಜನ. ದೊಡ್ಡಪ್ಪ ಮಾತ್ರ ಹಾಕಿಸಲಿಲ್ಲ. "ತೆಳು ಟೈರು ಕೆಸರು ಸೀಳ್ಕಂಡು ಕೆಳಗಿನ ಗಟ್ಟಿ ನೆಲ ಹಿಡೀತದೆ ಮಾರಾಯ, ಅಗಲದ್ದು ಮೇಲೇ ತೇಲಾಡ್ತದೆ" ಅನ್ನುತ್ತಿದ್ದರು. ಮರಳಿನಲ್ಲಿ ಈ ಮಾತು ನಡೆಯುವುದಿಲ್ಲ. ನಮ್ಮ ತೋಟದ ರಸ್ತೆಯ ಮಟ್ಟಿಗೆ ಮಾತ್ರ ಅವರು ಹೇಳಿದ್ದೇ ಸರಿ.

ಜೀಪು ಮಹೀಂದ್ರದ ಸಿಜೆ3ಬಿ. ಊರಿನವರ ಬಾಯಲ್ಲಿ ಹೈ ಬಾನೆಟ್. ಅಮೆರಿಕದಲ್ಲಿ ವಿಲ್ಲೀಸ್‌ನವರು 1953ರಲ್ಲಿ ತಂದ ಮಾದರಿ ಅದು. ಹೊಸ ಎಂಜಿನ್ನಿನ ಒಂದು ಸಾಲು ವಾಲ್ವು ತಲೆಯ ಮೇಲಕ್ಕೆ ಹೋದದ್ದರಿಂದ ಬಾನೆಟ್ಟನ್ನೇ ಎತ್ತರಿಸಬೇಕಾಯಿತು. ಅಲ್ಲಿ 1968ಕ್ಕೆ ಅದು ನಿಂತರೂ ಇಲ್ಲಿ ಮಹೀಂದ್ರದವರು ಆಮೇಲೂ ಮಾಡುತ್ತಲೇ ಇದ್ದರು. ಹಾಗಾಗಿ ಬಿಡಿಭಾಗ ಸಿಗುವುದಿಲ್ಲ ಎಂಬ ಚಿಂತೆ ಇರಲಿಲ್ಲ. ಜೇಬಿಗೆ ನಿಲುಕುವ ಹಾಗೆ ಸಿಗುತ್ತದೆಯೇ ಅನ್ನುವುದೇ ಪ್ರಶ್ನೆ.

ಪಂಕ್ಚರ್ ಅಂಗಡಿಯವನು ಟೈರು ಬಿಚ್ಚಿದಾಗಲೆಲ್ಲ ಒಳಗಿನಿಂದ ತುಕ್ಕಿನ ಚಕ್ಕೆಗಳು ಉದುರುತ್ತಿದ್ದವು. ಅವೇ ಟ್ಯೂಬನ್ನು ಕೊರೆಯುತ್ತಿದ್ದದ್ದು. ಗ್ಯಾರೇಜಿನ ಮೇಸ್ತ್ರಿ ಡಿಸ್ಕುಗಳನ್ನು ಉಜ್ಜಿ ತೊಳೆದು, ಸ್ಟಡ್ಡಿನ ತೂತುಗಳ ಸುತ್ತ ಸೀಮೆಎಣ್ಣೆ ಸವರಿದರು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒಣಗುವಷ್ಟು ಒರೆಸಿ, ಮೇಲೆ ಸುಣ್ಣದ ಪುಡಿ ತಿಕ್ಕಿದರು. ನಾವು ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತ್ತು, ಒಂದು ತೂತಿನಿಂದ ಹೊರಟು ಪಕ್ಕದ ತೂತಿನವರೆಗೆ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಸುಣ್ಣಕ್ಕೆ ಹತ್ತಿಕೊಂಡು ತಾನೇ ಜಾಗ ತೋರಿಸಿಕೊಟ್ಟಿತ್ತು. ಇನ್ನುಳಿದವುಗಳ ಗತಿಯೂ ಇದೇ. "ಗೌಡ್ರೇ, ಬಾಡಿಗೆ ಎಷ್ಟು ಬೇಕಾದ್ರೂ ವೆಲ್ಡಿಂಗ್ ಹೊಡೀತೀನಿ, ಇಲ್ಲಿಗೆ ಹೊಡಿಯಲ್ಲ. ಇಳಿಜಾರಲ್ಲಿ ಚಕ್ರ ಒಂದ್ಕಡೆ, ನೀವು ಒಂದ್ಕಡೆ ಆಗ್ತೀರಿ" ಅಂದರು ಮೇಸ್ತ್ರಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನು ಮಾಡಿದ್ದಾಯಿತು. ಸ್ಟೆಪ್ನಿ ಸೇರಿ ಐದು ಹೊಸ ಡಿಸ್ಕಿನ ಲೆಕ್ಕ ಕೇಳಿಸಿಕೊಂಡ ದೊಡ್ಡಪ್ಪ ಒಂದು ಮಾತೂ ಆಡದೆ ರಿಸೀವರ್ ಇಟ್ಟರು. ಜಿಪ್ಸಿಯ ಡಿಸ್ಕು ಕಡಿಮೆಗೆ ಕೊಡಿಸುತ್ತೇನೆಂದು ಒಬ್ಬ ಬಂದ. ಐದು ತೂತಿನ ಲೆಕ್ಕ ಎರಡು ಗಾಡಿಗೂ ಒಂದೇ, ಡಿಸ್ಕು ಸಲೀಸಾಗಿ ಕೂರುತ್ತದೆ. ಆದರೆ ಜಿಪ್ಸಿಯದು 15 ಇಂಚು, ನಮ್ಮದು 16. ಹಳೇ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದ ಮೇಲೆ ನಾಲ್ಕೂ ಚಕ್ರದ ಸುತ್ತಳತೆ ಒಂದೇ ಇರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಎಳೆದಾಡಿ ಗೇರ್‌ಬಾಕ್ಸ್ ಮುರಿದುಕೊಳ್ಳುತ್ತವೆ. ಅಂದರೆ ಟೈರೂ ಐದು ಹೊಸದಾಗಬೇಕು. ಜಿಪ್ಸಿಯ ಟೈರು ಹಾಕಿದರೆ ಜೀಪು ನೆಲಕ್ಕೆ ಸ್ವಲ್ಪ ಇಳಿಯುತ್ತದೆ ಬೇರೆ. ಆ ಯೋಚನೆ ಅಲ್ಲಿಗೇ ಬಿಟ್ಟೆವು.

ಬೆಂಗಳೂರಿನ ಗುಜರಿಗೆ ಹೊರಡುವ ಮುಂಚೆ ದೊಡ್ಡಪ್ಪ ಗೋಡೆಯ ಹಳೇ ಕ್ಯಾಲೆಂಡರಿನ ಒಂದು ಹಾಳೆ ಕಿತ್ತು, ಚಕ್ರ ಬಿಚ್ಚಿದ ಹಬ್ಬಿಗೆ ಒತ್ತಿ ಹಿಡಿದರು. ಐದು ಸ್ಟಡ್ಡುಗಳು ಹಾಳೆಯನ್ನು ತೂರಿ ಈಚೆ ಬಂದವು. ನಾಲ್ಕೋ ಆರೋ ಸ್ಟಡ್ಡಿದ್ದರೆ ಎದುರುಬದುರು ಟೇಪು ಹಿಡಿದು ಅಳೆಯಬಹುದು, ಐದಕ್ಕೆ ಎದುರೇ ಇಲ್ಲ. ಪಕ್ಕಪಕ್ಕದ ಎರಡರ ನಡುಮಧ್ಯ 82 ಮಿಲಿಮೀಟರ್ ಬಂದರೆ ಸುತ್ತಿನ ಅಳತೆ ಐದೂವರೆ ಇಂಚು, ಅದೇ ನಮ್ಮದು. ಗುಜರಿಯ ಕತ್ತಲಲ್ಲಿ ಈ ಲೆಕ್ಕ ಯಾರು ಹಾಕುತ್ತಾರೆ? ಹಾಳೆ ಇಟ್ಟು ನೋಡಿದರೆ ಮುಗಿಯಿತು.

ಶಿವಾಜಿನಗರದ ಗುಜರಿಯಲ್ಲಿ ಒಬ್ಬ ಮುದುಕರ ಅಂಗಡಿ ಇತ್ತು. ಅವರ ಹತ್ತಿರ ಯುದ್ಧಕಾಲದ ಜೀಪಿನ ಡಿಸ್ಕೂ ಒಂದಿತ್ತು. ಎರಡು ಹೋಳಾಗಿ ಮಾಡಿ ಬೋಲ್ಟು ಹಾಕಿ ಜೋಡಿಸಿದ್ದು, ಮಿಲಿಟರಿಯವರು ಯಂತ್ರವಿಲ್ಲದೆ ಟೈರು ಬದಲಿಸಲಿ ಎಂದು. ಗಾಳಿ ಇಳಿಸದೆ ಆ ಬೋಲ್ಟು ಬಿಚ್ಚಿದರೆ ಹೋಳು ಸಿಡಿದು ಆಳನ್ನೇ ಹೊಡೆಯುತ್ತದಂತೆ. ಸಂಗ್ರಹ ಮಾಡುವವರು ಕೇಳಿದಷ್ಟು ಕೊಟ್ಟು ಒಯ್ಯುತ್ತಾರೆ ಅಂದರು, ಅದನ್ನು ನಾವು ಮುಟ್ಟಲಿಲ್ಲ. ಬೆಳ್ಳಿ ಬಣ್ಣ ಬಳಿದ ನಾಲ್ಕಾರು ಡಿಸ್ಕುಗಳು ಗೋಡೆಗೆ ಒರಗಿದ್ದವು. ನಾನು ಅವುಗಳ ಕಡೆ ಕೈಚಾಚಿದ್ದೇ ತಡ, ಮುದುಕರು ತಡೆದರು. "ಬಣ್ಣ ನೋಡಬೇಡಿ ಸಾರ್, ಸದ್ದು ಕೇಳಿ." ಒಂದೊಂದನ್ನೂ ಕಬ್ಬಿಣದ ಸಲಾಕೆಗೆ ನೇತುಹಾಕಿ ಸ್ಪ್ಯಾನರಿನಿಂದ ತಟ್ಟಿದರು. ಒಂದು ತಟ್ಟಿದ ಕೂಡಲೇ ಸತ್ತಿತು. ಬಣ್ಣ ಕೆರೆದರೆ ಒಳಗೆ ವೆಲ್ಡಿಂಗಿನ ಹೊಲಿಗೆ. ಇನ್ನೊಂದು ಣಣ್ ಎಂದು ಎಳೆದು ಹಾಡಿತು. ತಾನು ಮಾರುವ ಮಾಲಿನ ಹುಳುಕನ್ನು ತಾನೇ ತೋರಿಸಿದ ವ್ಯಾಪಾರಿಯನ್ನು ನಾನು ಅಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡಿಲ್ಲ. ಹಾಡಿದವು ಎರಡೇ. ತೂಕದ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ಟು ಅವೆರಡನ್ನೂ ತಂದೆವು.

ಉಳಿದವು ಪೇಟೆಯಲ್ಲಿಲ್ಲ, ಊರಲ್ಲೇ ಇವೆ ಎಂದು ಹೊಳೆದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. 94ರ ದುಡ್ಡಿನಲ್ಲಿ ಅಲಾಯ್ ಹಾಕಿಸಿದವರು ಹಳೇ ಡಿಸ್ಕು ಏನು ಮಾಡಿದರು? ಭಾವನ ಮನೆಗೆ ಹೋದರೆ ಅಂಗಳದಲ್ಲೇ ಉತ್ತರ ಸಿಕ್ಕಿತು. ಎರಡು ಡಿಸ್ಕಿನ ಮೇಲೆ ಅಕ್ಕನ ಆಂಥೂರಿಯಂ ಕುಂಡಗಳು ಕೂತಿದ್ದವು. ಭಾವ "ತಗಂಡ್ ಹೋಗಿ, ದುಡ್ಡು ಯಾತಕ್ಕೆ" ಅಂದರು. ಅಕ್ಕ ಬಿಡಲಿಲ್ಲ. ಮರುದಿನ ಎರಡು ಸಿಮೆಂಟಿನ ಬಳೆ ತಂದು, ಕುಂಡಗಳನ್ನು ಒಂದು ಎಲೆಯೂ ಮುರಿಯದ ಹಾಗೆ ಅದರ ಮೇಲೆ ಕೂರಿಸಿಕೊಟ್ಟ ಮೇಲೆಯೇ ಡಿಸ್ಕು ನಮ್ಮ ಕೈಗೆ ಬಂದದ್ದು.

ಐದನೆಯದಕ್ಕೆ ಬಹಳ ಅಲೆದೆವು. ಒಬ್ಬರ ಮನೆಯಲ್ಲಿ ಡಿಸ್ಕು ಬಾವಿಕಟ್ಟೆಯ ಕಾಂಕ್ರೀಟಿನೊಳಗೆ ಸೇರಿಹೋಗಿತ್ತು. ಕೊನೆಗೆ ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಗೊಬ್ಬರದ ಮಾತಾಡುತ್ತಾ ನಿಂತಿದ್ದಾಗ ಮಧ್ಯಾಹ್ನದ ಗಂಟೆ ಹೊಡೆಯಿತು. ಣಣ್ ಎಂದು ಎಳೆದ ಸದ್ದು. ದೊಡ್ಡಪ್ಪ ಮಾತನ್ನು ಅರ್ಧಕ್ಕೇ ಬಿಟ್ಟು ಸ್ಟೋರಿನ ಕಡೆ ನಡೆದರು. ಹಲಸಿನ ಕೊಂಬೆಗೆ ಸರಪಳಿಯಲ್ಲಿ ತೂಗಿದ್ದು ನಮ್ಮದೇ ಅಳತೆಯ ಡಿಸ್ಕು. ಆಳುಗಳನ್ನು ದಿನಾ ಕರೆದು ಕರೆದು ಅದರ ಅಂಚು ಒಂದೇ ಕಡೆ ಚಪ್ಪಟೆಯಾಗಿತ್ತು. ಕ್ಯಾಲೆಂಡರ್ ಹಾಳೆ ಹಿಡಿದರೆ ಐದೂ ತೂತು ಕೂತವು.

"ರೈಟ್ರೇ, ಇದನ್ನ ಕೊಡಿ."

"ಗಂಟೆ ಕೊಟ್ರೆ ನಾಳೆ ಮಸ್ಟರಿಗೆ ನಾನೇನು ಬಾಯಲ್ಲಿ ಕೂಗ್ಲಾ ಗೌಡ್ರೇ?"

ಅದಕ್ಕೂ ದಾರಿ ಇತ್ತು. 1979ರಲ್ಲಿ ಓಡಾಟ ಶುರುವಾದ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವನ್ನು 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಮುಚ್ಚಿದ್ದರು. ಸಕಲೇಶಪುರದ ಗುಜರಿಯಲ್ಲಿ ಹಳೇ ಕಂಬಿಯ ತುಂಡು ಸಿಕ್ಕಿತು. ರೈಲ್ವೆ ಮಾಲು ಅಂದರೆ ಹುಷಾರಾಗಿರಬೇಕು ನೋಡಿ, ದೊಡ್ಡಪ್ಪ ಹರಾಜಿನ ಚೀಟಿ ಓದಿ ನೋಡಿದ ಮೇಲೆಯೇ ದುಡ್ಡು ಎಣಿಸಿದ್ದು. ಕಂಬಿ ಹಲಸಿನ ಮರಕ್ಕೆ ಹೋಯಿತು, ಡಿಸ್ಕು ನಮಗೆ ಬಂತು. ಕಂಬಿಯ ಸದ್ದು ಮೊದಲಿನದಕ್ಕಿಂತ ಜೋರು, ಆಳುಗಳು ಹಳೇ ಗಂಟೆಯೇ ಚೆನ್ನಾಗಿತ್ತು ಎಂದು ಬೈದುಕೊಳ್ಳುತ್ತಿದ್ದಾರೆ ಎಂದು ರೈಟರು ಆಮೇಲೆ ಸಂತೆಯಲ್ಲಿ ಸಿಕ್ಕಾಗ ಹೇಳಿದರು.

ಮೇಸ್ತ್ರಿ ಒಂದೊಂದೇ ಡಿಸ್ಕನ್ನು ಹಬ್ಬಿಗೆ ಹಾಕಿ ತಿರುಗಿಸಿ, ಅಂಚಿಗೆ ಚಾಕ್‌ಪೀಸ್ ಹಿಡಿದು ಔಟ್ ಇದೆಯಾ ನೋಡಿದರು. ಗಂಟೆಯ ಡಿಸ್ಕಿಗೆ ಮಾತ್ರ ಚಪ್ಪಟೆಯಾದಲ್ಲಿ ಕಾಸಿ ಬಡಿಯಬೇಕಾಯಿತು. ಅದು ಸ್ಟೆಪ್ನಿಯಾಗಿ ಹಿಂದೆ ಕೂತಿತು. ರೆಡ್ ಆಕ್ಸೈಡ್ ಬಳಿದು, ಹಳೇ ಟೈರುಗಳನ್ನೇ ಹಾಕಿಸಲು ಪಂಕ್ಚರ್ ಅಂಗಡಿಗೆ ಒಯ್ದೆವು.

ಅಲ್ಲಿ ಹೊಸ ಹುಡುಗ. ಬಲಗಡೆಯದು ಸರಾಗವಾಗಿ ಮುಗಿಸಿದ. ಎಡಗಡೆಯ ನಟ್ಟು ಬರಲಿಲ್ಲವೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತ. ಟಣ್ ಎಂದಿತು, ಸ್ಟಡ್ಡು ತುಂಡು. ನಾವು ಕೂಗುವುದರೊಳಗೆ ಇನ್ನೊಂದೂ ಹೋಯಿತು. ವಿಲ್ಲೀಸ್ ಜೀಪಿನ ಎಡಗಡೆ ಸ್ಟಡ್ಡಿಗೆ ಉಲ್ಟಾ ಥ್ರೆಡ್ಡು. ಮುಂದಕ್ಕೆ ಉರುಳುವಾಗ ಆ ಕಡೆಯ ನಟ್ಟು ತಾನಾಗಿ ಸಡಿಲಾಗಬಾರದೆಂದು ಆ ಕಾಲದ ಎಂಜಿನಿಯರರು ಮಾಡಿದ ಏರ್ಪಾಡು. ಗುರುತಿಗೆ ಸ್ಟಡ್ಡಿನ ಮೂತಿಯಲ್ಲಿ ಎಲ್ ಎಂದು ಹೊಡೆದಿರುತ್ತಾರೆ, ಗ್ರೀಸು ಮಣ್ಣು ಮೆತ್ತಿದ ಮೇಲೆ ಅದು ಯಾರ ಕಣ್ಣಿಗೆ ಬೀಳಬೇಕು?

ಮೇಸ್ತ್ರಿ ಹೊಸ ಸ್ಟಡ್ಡು ಒತ್ತಿಸುತ್ತಾ, ಎಡಗಡೆಯವನ್ನೂ ಸೀದಾ ಥ್ರೆಡ್ಡಿಗೆ ಬದಲಿಸಿಬಿಡೋಣ, ಪೀಡೆ ಹೋಗುತ್ತದೆ ಅಂದರು. ದೊಡ್ಡಪ್ಪ ಒಪ್ಪಲಿಲ್ಲ. ಬೋರ್ಡು ಬರೆಯುವವನನ್ನು ಕರೆಸಿ ಎಡಗಡೆಯ ಎರಡೂ ಡಿಸ್ಕಿನ ಮೇಲೆ ಹಳದಿ ಬಣ್ಣದಲ್ಲಿ ದಪ್ಪಗೆ "ಉಲ್ಟಾ" ಎಂದು ಬರೆಸಿದರು. ಮುಂದಿನ ಸಂತೆಗೆ ಹೋದಾಗ ಜೀಪಿನ ಸುತ್ತ ಜನ. ಒಬ್ಬ ಅಜ್ಜ ಬಗ್ಗಿ ಓದಿ, "ಏನ್ ಗೌಡ್ರೇ, ಚಕ್ರ ಹಿಂದುಮುಂದು ಹಾಕಿಸ್ಕಂಡೀರಾ?" ಅಂದ. ದೊಡ್ಡಪ್ಪ ಅವನಿಗೆ ಥ್ರೆಡ್ಡಿನ ಪಾಠ ಶುರುಮಾಡಿದರು. ನಾನು ಮೀನು ತರಲು ಹೋದೆ.